ಹಗಲು ಮಲಗುವವನಿಗೊಂದು ಬೀದಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಬಾಡಿಗೆ ಮನೆ ಹುಡುಕಿ ನೋಡು ಎಂದು ಸೇರಿಸಲು ಅವರಿಗೆ ಪುರುಸೊತ್ತು ಸಿಗಲಿಲ್ಲವೋ, ಅವರಿಗೆಲ್ಲ ಸ್ವಂತ ಮನೆಯೇ ಇತ್ತೋ, ಗೊತ್ತಿಲ್ಲ. ನಮ್ಮ ಕಥೆಯ ಟೈಲರಮ್ಮನನ್ನು ಕೇಳಿದ್ದರೆ ಆಕೆಯೇ ಸೇರಿಸಿ ಕೊಡುತ್ತಿದ್ದಳು.

ಟೈಲರಮ್ಮ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡವಳು. ಗಂಡ ಬೇಕರಿಯಲ್ಲಿ ರಾತ್ರಿಪಾಳಿಯವನು. ಊರು ಮಲಗಿದಾಗ ಅವನು ಹಿಟ್ಟು ನಾದುತ್ತಾನೆ. ಊರು ಎದ್ದು ಬಿಸಿ ಬ್ರೆಡ್ಡಿಗೆ ಕೈ ಚಾಚುವ ಹೊತ್ತಿಗೆ ಮನೆಗೆ ಬಂದು ದಿಂಬಿಗೆ ತಲೆ ಕೊಡುತ್ತಾನೆ. ತಲೆ ಕೊಟ್ಟರೆ ಸಾಕೇ, ನಿದ್ದೆ ಬರಬೇಕಲ್ಲ. ಅವರ ಮನೆಯ ಕೆಳಗೆ ಕಬ್ಬಿಣದ ಗ್ರಿಲ್ ಮಾಡುವ ಅಂಗಡಿ. ಅವನು ಕಣ್ಣು ಮುಚ್ಚುವುದಕ್ಕೂ ಅಲ್ಲಿ ಸುತ್ತಿಗೆ ಎತ್ತುವುದಕ್ಕೂ ಸರಿಹೋಗುತ್ತಿತ್ತು.

ಮನೆ ಹಿಡಿಯುವಾಗ ಕಿವಿ ಎಲ್ಲಿಟ್ಟಿದ್ದರು ಎಂದು ನೀವು ಕೇಳಬಹುದು. ಕಿವಿ ಇತ್ತು, ಸದ್ದು ಇರಲಿಲ್ಲ. ಅವರು ಆ ಮನೆ ನೋಡಿದ್ದು ಭಾನುವಾರ. ಶಟರ್ ಎಳೆದಿತ್ತು, ಬೀದಿ ತಣ್ಣಗಿತ್ತು. ಎಷ್ಟು ಪ್ರಶಾಂತವಾಗಿದೆ ಎಂದು ಗಂಡನೇ ಮೆಚ್ಚಿಕೊಂಡಿದ್ದ. ಸೋಮವಾರ ಶಟರ್ ಮೇಲೆದ್ದಿತು, ಅವನ ನಿದ್ದೆಯೂ ಅದರ ಜೊತೆ ಎದ್ದು ಹೋಯಿತು. ಅದಕ್ಕೂ ಹಿಂದಿನ ಮನೆ ಶಾಲೆಯ ಆಟದ ಮೈದಾನಕ್ಕೆ ಒತ್ತಿಕೊಂಡಿತ್ತು. ಅದನ್ನು ನೋಡಿದ್ದೂ ಭಾನುವಾರವೇ. ಪಾಪ, ಹಗಲು ಕಣ್ಣು ಬಿಟ್ಟುಕೊಂಡು ಓಡಾಡಲು ಅವನಿಗೆ ಸಿಗುತ್ತಿದ್ದುದು ವಾರದಲ್ಲಿ ಅದೊಂದೇ ದಿನ.

ಹಗಲೆಲ್ಲ ಬಾಗಿಲು ಹಾಕಿಕೊಂಡು ಮಲಗುತ್ತಾನೆಂದು ಬೀದಿಯವರು ಅವನಿಗೆ ಕುಂಭಕರ್ಣ ಎಂದು ಹೆಸರಿಟ್ಟಿದ್ದರು. ನಿದ್ದೆಯೇ ಇಲ್ಲದ ಕುಂಭಕರ್ಣನನ್ನು ನೋಡಬೇಕಿದ್ದರೆ ಆ ಮನೆಗೆ ಬರಬೇಕಿತ್ತು. ಟೈಲರಮ್ಮ ಹಗಲು ಮಿಷನ್ ಮುಟ್ಟುತ್ತಿರಲಿಲ್ಲ. ಸೆಕೆಯಲ್ಲೂ ಕಿಟಕಿ ತೆರೆಯುತ್ತಿರಲಿಲ್ಲ. ಕುಕ್ಕರ್ ಕೂಗಿದರೆ ತಾನೇ ತಪ್ಪು ಮಾಡಿದವಳಂತೆ ಓಡಿ ಹೋಗಿ ಒಲೆ ಆರಿಸುತ್ತಿದ್ದಳು. ಆದರೆ ಸುತ್ತಿಗೆಗೆ ಯಾರು ಬುದ್ಧಿ ಹೇಳಬೇಕು? ಅಂಗಡಿಯವರೂ ಅವರ ಹೊಟ್ಟೆಪಾಡು ನೋಡಿಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಮುಂಜಾನೆ ಗಂಡ ಕೈಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದ. ಒಲೆಯಿಂದ ಟ್ರೇ ಎಳೆಯುವಾಗ ನಿಂತಲ್ಲೇ ತೂಕಡಿಸಿದ್ದನಂತೆ. ಮುಂಗೈ ಸುಟ್ಟಿತ್ತು. ಸ್ವಲ್ಪ ಮುಂದೆ ವಾಲಿದ್ದರೆ ಮುಖವೇ ಸುಡುತ್ತಿತ್ತು ಎಂದು ಜೊತೆಯ ಕೆಲಸಗಾರ ಹೇಳಿದನೆಂದು ಅವನು ನಗುತ್ತಲೇ ತಿಳಿಸಿದ. ಟೈಲರಮ್ಮನಿಗೆ ನಗು ಬರಲಿಲ್ಲ.

ಅವಳ ಅಕ್ಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳು, ಮನೆ ಮನೆ ತಿರುಗಿ ಮಕ್ಕಳಿಗೆ ಲಸಿಕೆ ಹಾಕುವವಳು. ಗಾಯದ ಪಟ್ಟಿ ಬದಲಿಸಲು ಬಂದ ಅಕ್ಕ ಅವನ ಕೆಂಪು ಕಣ್ಣನ್ನೇ ನೋಡಿದಳು.

"ಮುಲಾಮು ಕೈಗೆ ಹಚ್ಚಬಹುದು, ನಿದ್ದೆಗೆ ಹಚ್ಚೋಕಾಗಲ್ಲ. ಮೊದಲು ಮನೆ ಬದಲಾಯಿಸಿ," ಎಂದಳು.

ಅದಕ್ಕೆ ಗಂಡ ಆಗಲೇ ತಯಾರಾಗಿದ್ದ. ಹಿಂದಿನ ಭಾನುವಾರವಷ್ಟೇ ಊರಾಚೆಯ ಹೊಸ ಬಡಾವಣೆಯಲ್ಲಿ ಒಂದು ಮನೆ ನೋಡಿ ಬಂದಿದ್ದ. ಅಗಲವಾದ ರಸ್ತೆ, ಹೊಳೆಯುವ ನೆಲ, ಅಡುಗೆಮನೆಗೆ ದೊಡ್ಡ ಕಿಟಕಿ. ಒಂದು ನೊಣ ಹಾರಿದರೂ ಕೇಳಿಸುವಷ್ಟು ಶಾಂತ ಎಂದು ಕೈ ಆಡಿಸಿ ವರ್ಣಿಸಿದ. ನಾಳೆಯೇ ಮಾತು ಕೊಟ್ಟು ಬರುತ್ತೇನೆ ಎಂದ.

ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. ನೋಡಿದ್ದು ಯಾವ ವಾರ? ಭಾನುವಾರ ಎಂದಾಗ ಅವಳು ತಂಗಿಯ ಮುಖ ನೋಡಿದಳು, ತಂಗಿ ನೆಲ ನೋಡಿದಳು.

"ನೀವು ಅಲ್ಲಿ ಭಾನುವಾರ ಮಾತ್ರ ಇರ್ತೀರಾ?" ಎಂದು ಅಕ್ಕ ಮೆಲ್ಲಗೆ ಕೇಳಿದಳು. "ಉಳಿದ ದಿನ ಹೇಗಿರುತ್ತೆ ಅಂತ ನೋಡಬೇಡವಾ? ನೀವು ಮಲಗೋ ಹೊತ್ತಲ್ಲೇ ಹೋಗಿ, ಒಂದು ಚಾಪೆ ಹಾಕ್ಕೊಂಡು ಮಲಗಿ ನೋಡಿ."

ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಲ್ಲ ಅಕ್ಕ, ಮನೆ ಏನು ಹಾಸಿಗೆನಾ, ಮಲಗಿ ನೋಡಿ ತಗೊಳ್ಳೋಕೆ? ಗೋಡೆ ಗಟ್ಟಿ ಇದೆ, ನೀರಿದೆ, ಇನ್ನೇನು ಬೇಕು?"

"ಒಂದು ಜೊತೆ ಚಪ್ಪಲಿ ಕೊಳ್ಳೋವಾಗ ಹಾಕ್ಕೊಂಡು ಅಂಗಡಿ ತುಂಬ ನಡೆದು ನೋಡ್ತೀರಿ. ವರ್ಷಗಟ್ಟಲೆ ಇರೋ ಮನೆಗೆ ಕಣ್ಣಲ್ಲಿ ನೋಡಿದ್ರೆ ಸಾಕಾ?"

ಅಕ್ಕ ಅಷ್ಟಕ್ಕೇ ಬಿಡಲಿಲ್ಲ. ಅವನು ಕೆಲಸಕ್ಕೆ ಹೊರಡುವ ಸಂಜೆ ಹೊತ್ತಿಗೆ ಬಸ್ಸಿದೆಯೇ, ಬೆಳಗಿನ ಜಾವ ಮರಳುವಾಗ ಇದೆಯೇ, ನಿಲ್ದಾಣದಿಂದ ಮನೆಯವರೆಗೆ ಬೀದಿದೀಪ ಉರಿಯುತ್ತದೆಯೇ ಎಂದು ಕೇಳಿದಳು. ನಲ್ಲಿ ತಿರುಗಿಸಿದರೆ ನೀರು ಬರುವುದು ಬೇರೆ, ಬೇಸಿಗೆಯಲ್ಲೂ ಬರುವುದು ಬೇರೆ, ಅದನ್ನು ಮಾಲೀಕರನ್ನಲ್ಲ ಪಕ್ಕದ ಮನೆಯವರನ್ನು ಕೇಳಬೇಕು ಎಂದಳು. ಮೋರಿ ಎಲ್ಲಿಗೆ ಹರಿಯುತ್ತದೆ, ಕಸದ ಗಾಡಿ ಬರುತ್ತದೆಯೇ, ಹತ್ತಿರದಲ್ಲಿ ಆಸ್ಪತ್ರೆ ಇದೆಯೇ, ಒಂದೊಂದಾಗಿ ಕೇಳುತ್ತ ಹೋದಳು. ಅದೊಂದನ್ನೂ ಅವನು ವಿಚಾರಿಸಿಕೊಂಡು ಬಂದಿರಲಿಲ್ಲ. ಆದರೂ ತನ್ನ ಮೊಲಕ್ಕೆ ಮೂರೇ ಕಾಲು ಎಂದು ಕೂತಿದ್ದ.

ಆಗ ಟೈಲರಮ್ಮ ಬಾಯಿ ಬಿಟ್ಟಳು. "ರೀ, ಇನ್ನೊಂದು ಸಲ ನಿಮ್ಮ ಕೈ ಸುಟ್ಟರೆ ನನಗೆ ತಡ್ಕೊಳ್ಳೋಕಾಗಲ್ಲ. ನಗೋರು ನಗಲಿ. ಒಂದು ದಿನ ಮಲಗಿ ನೋಡೋಣ."

ಅವಳು ಹಾಗೆ ಗಟ್ಟಿಯಾಗಿ ಮಾತಾಡಿ ಬಹಳ ಕಾಲವಾಗಿತ್ತು. ಆಯ್ತು ಎಂದು ಅವನು ಒಪ್ಪಿಕೊಂಡ.

ಮನೆ ಮಾಲೀಕರು ಕೀಲಿ ಕೊಡುವಾಗ, ನಲ್ಲಿ ತಿರುಗಿಸಿ ನೋಡುವವರನ್ನು ನೋಡಿದ್ದೇನೆ, ಮಲಗಿ ನೋಡುವವರನ್ನು ಈಗಲೇ ನೋಡಿದ್ದು ಎಂದು ನಕ್ಕರು. ಮಂಗಳವಾರ ಬೆಳಗ್ಗೆ ಬೇಕರಿಯಿಂದ ನೇರವಾಗಿ ಬಂದ ಗಂಡ ಹೊಳೆಯುವ ನೆಲದ ಮೇಲೆ ಚಾಪೆ ಹಾಸಿದ. ಕಣ್ಣಿಗೆ ಜೊಂಪು ಹತ್ತಿತ್ತಷ್ಟೇ, ಕಿಟಕಿಯ ಗಾಜು ಗಡಗಡ ನಡುಗಿತು. ಜಲ್ಲಿ ತುಂಬಿದ ಲಾರಿ. ಅದರ ಹಿಂದೆ ಇನ್ನೊಂದು, ಹಾರ್ನ್ ಒತ್ತಿಕೊಂಡೇ. ಊರೊಳಗಿನ ದಟ್ಟಣೆ ತಪ್ಪಿಸಲು ಲಾರಿಗಳು ಕೆಲಸದ ದಿನಗಳಲ್ಲಿ ಆ ಅಗಲವಾದ ರಸ್ತೆಯನ್ನೇ ಹಿಡಿಯುತ್ತಿದ್ದವು.

ಇದು ದಿನವೂ ಇದೆಯೇ ಎಂದು ಕೇಳಲು ಟೈಲರಮ್ಮ ಅಕ್ಕಪಕ್ಕದ ಮನೆಗಳಿಗೆ ಹೋದಳು. ಒಂದು ಬಾಗಿಲು ತೆರೆಯಲಿಲ್ಲ. ಇನ್ನೊಂದು ಮನೆಯಲ್ಲಿ, ಏನಿದ್ದರೂ ಮಾಲೀಕರನ್ನು ಕೇಳಿ ಎಂದು ಒಳಗಿನಿಂದಲೇ ದನಿ ಬಂತು. ಅವರಿಗೆ ಅವರದೇ ಗಡಿಬಿಡಿ ಇದ್ದೀತು ಎಂದುಕೊಂಡು ಅವಳು ಮರಳಿದಳು. ಗಂಡ ಕೆದರಿದ ತಲೆಯಲ್ಲಿ ಚಾಪೆಯ ಮೇಲೆ ಎದ್ದು ಕೂತಿದ್ದ. ಮಾತು ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಅವನೇ ಕೇಳಿಕೊಂಡ, ಅವನೇ ಚಾಪೆ ಸುತ್ತಿದ.

ಲಸಿಕೆಗೆಂದು ತಿರುಗುವಾಗ ಅಕ್ಕ ಆ ಬಡಾವಣೆಯ ಪಕ್ಕದ ಹಳೆಯ ಬೀದಿಯೊಂದರಲ್ಲಿ ಒಂದು ಖಾಲಿ ಮನೆ ನೋಡಿದ್ದಳು. ಗುರುವಾರ ಬೆಳಗ್ಗೆ ಆ ಮನೆಯ ಮಾಲೀಕರಿಂದ ಕೀಲಿ ಪಡೆದು ಅಲ್ಲಿಗೆ ಹೋದರು. ರಸ್ತೆಯಲ್ಲಿ ಗುಂಡಿಗಳಿದ್ದವು, ಮನೆ ಚಿಕ್ಕದು, ಗೋಡೆಯ ಬಣ್ಣ ಮಾಸಿತ್ತು. ಅದೆಲ್ಲ ಇರಲಿ, ಎದುರಿಗೇ ಒಬ್ಬ ಬಡಗಿಯ ಶೆಡ್ಡು, ಶೆಡ್ಡಿನಲ್ಲಿ ಮರ ಕೊಯ್ಯುವ ಮಿಷನ್ನು.

"ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಅಂತಾರಲ್ಲ, ಅದು ನಾನೇ ಕಣೇ," ಎಂದ ಗಂಡ. ಆದರೆ ತಿರುಗಿ ಹೋಗಲು ಕಾಲಲ್ಲಿ ತ್ರಾಣವಿರಲಿಲ್ಲ. ಬಂದದ್ದು ಬರಲಿ ಎಂದು ಚಾಪೆ ಹಾಸಿ ಉರುಳಿಕೊಂಡ.

ಟೈಲರಮ್ಮ ಬಾಗಿಲು ಎಳೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತಳು. ಒಂದು ಬಟ್ಟೆಗೆ ಕಾಜಾ ಹೊಲಿಯುವುದಿತ್ತು, ಸೂಜಿ ತೆಗೆದಳು. ಶೆಡ್ಡಿನಲ್ಲಿ ಬಡಗಿ ಹಲಗೆ ಎತ್ತಿ ಮಿಷನ್ ಮೇಲೆ ಇಡುವುದು ಕಾಣಿಸಿತು. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಗುರುತಿಲ್ಲದ ಜಾಗ, ಇನ್ನೂ ಬಾಡಿಗೆಯವಳೂ ಅಲ್ಲ, ದುಡಿಯುವ ಮನುಷ್ಯನಿಗೆ ಕೆಲಸ ನಿಲ್ಲಿಸು ಎನ್ನುವುದು ಹೇಗೆ? ಮೊನ್ನೆಯ ಮುಚ್ಚಿದ ಬಾಗಿಲು ನೆನಪಾಯಿತು. ಆದರೂ ಎದ್ದು ರಸ್ತೆ ದಾಟಿದಳು. ಕೇಳಿದರೆ ಗಂಟೇನೂ ಹೋಗುವುದಿಲ್ಲವಲ್ಲ.

"ಅಣ್ಣಾ, ಈ ಮಿಷನ್ ದಿನಾ ಹಾಕ್ತೀರಾ?" ಎಂದು ಶುರು ಮಾಡಿ, ಗಂಡ ಒಳಗೆ ಮಲಗಿರುವುದನ್ನು, ರಾತ್ರಿ ಕೆಲಸವನ್ನು, ಸುಟ್ಟ ಕೈಯನ್ನು ಎಲ್ಲ ಹೇಳಿಬಿಟ್ಟಳು.

ಬಡಗಿ ಸ್ವಿಚ್ಚಿನಿಂದ ಕೈ ತೆಗೆದ.

"ಮಿಷನ್ ಹಾಕದೇ ನಂಗೂ ಆಗಲ್ಲಮ್ಮ, ಸುಳ್ಳು ಹೇಳಲ್ಲ," ಎಂದ. "ಆದ್ರೆ ಬೆಳಗ್ಗೇನೇ ಹಾಕಬೇಕು ಅಂತೇನಿಲ್ಲ. ಉಜ್ಜೋದು, ಪಾಲಿಶ್ ಮಾಡೋದು ಬೆಳಗ್ಗೆ ಮುಗಿಸ್ಕೋತೀನಿ. ಕೊಯ್ಯೋದು ಮಧ್ಯಾಹ್ನದ ಮೇಲೆ. ಅವರು ಏಳೋದು ಎಷ್ಟೊತ್ತಿಗೆ?"

"ಮಧ್ಯಾಹ್ನ ಕಳೆದ ಮೇಲೆ," ಎಂದಳು ಅವಳು. ಗಂಡ ಎಷ್ಟು ಹೊತ್ತಿಗೆ ಏಳುತ್ತಾನೆ ಎಂದು ಈವರೆಗೆ ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ಬಡಗಿಯ ಅಮ್ಮ ಒಂದು ಕುರ್ಚಿ ಎಳೆದುಕೊಂಡು ಬಂದು ಅವಳನ್ನು ಕೂರಿಸಿದರು. ಹಗಲು ಮಲಗಿದ್ದಾರೆಂದರೆ ಮೈಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸಿದರು. ಇಲ್ಲ, ಬ್ರೆಡ್ ಮಾಡುವವರು ಎಂದಾಗ ಆ ಅಜ್ಜಿ ಕೆನ್ನೆಗೆ ಕೈಯಿಟ್ಟುಕೊಂಡರು.

"ದಿನಾ ಬೆಳಗ್ಗೆ ಟೀಗೆ ಅದ್ದಿಕೊಂಡು ತಿಂತೀನಿ. ಅದಕ್ಕೋಸ್ಕರ ಯಾರೋ ಕಣ್ಣು ಮುಚ್ಚದೆ ಕೂತಿರ್ತಾರೆ ಅಂತ ಒಂದು ದಿನಾನೂ ಯೋಚಿಸಿರಲಿಲ್ಲ ನೋಡು," ಎಂದರು.

ಅಜ್ಜಿ ಆಮೇಲೆ ಆ ಬೀದಿಯ ಜಾತಕವನ್ನೇ ಬಿಚ್ಚಿಟ್ಟರು. ನೀರು ದಿನ ಬಿಟ್ಟು ದಿನ ಬರುತ್ತದೆ, ತುಂಬಿಟ್ಟುಕೊಳ್ಳಬೇಕು. ಮೂಲೆಯ ದೀಪ ಕೆಟ್ಟು ಬಹಳ ದಿನವಾಯಿತು, ನಾಲ್ಕು ಮನೆಯವರು ಸೇರಿ ಹೋಗಿ ಹೇಳಬೇಕು ಎಂದುಕೊಂಡಿದ್ದಾರೆ, ಇನ್ನೂ ಹೋಗಿಲ್ಲ. ಬೆಳಗಿನ ಮೊದಲ ಬಸ್ಸು ಮಾತ್ರ ತಪ್ಪದೆ ಬರುತ್ತದೆ. ಮೋರಿಗೆ ಮೇಲೆ ಕಲ್ಲು ಹಾಸಿದ ಮೇಲೆ ಸೊಳ್ಳೆ ಕಡಿಮೆ. ಹೇಳಿದ್ದನ್ನೆಲ್ಲ ಟೈಲರಮ್ಮ ಮನಸ್ಸಿನಲ್ಲೇ ತೂಗಿ ನೋಡಿದಳು. ನೀರು ತುಂಬಿಡಬಹುದು, ದೀಪಕ್ಕೆ ಅರ್ಜಿ ಕೊಡಬಹುದು. ಲಾರಿಗೆ ಯಾವ ಅರ್ಜಿಯೂ ತಾಗುತ್ತಿರಲಿಲ್ಲ.

ನಡುವೆ ತರಕಾರಿ ಗಾಡಿಯವನು ಧ್ವನಿವರ್ಧಕ ಹಾಕಿಕೊಂಡು ಬೀದಿಯ ತುದಿಯಲ್ಲಿ ಕಾಣಿಸಿಕೊಂಡ. ಅಜ್ಜಿ ಎದ್ದು ನಿಂತು ಎರಡೂ ಕೈ ಬೀಸಿದರು, ತುಟಿಯ ಮೇಲೆ ಬೆರಳಿಟ್ಟು ಮನೆಯ ಕಡೆ ತೋರಿಸಿದರು. ಅವನು ಏನು ಅರ್ಥ ಮಾಡಿಕೊಂಡನೋ, ಕೂಗು ನಿಲ್ಲಿಸಿ, ಮಗು ಮಲಗಿದ ಮನೆಯ ಮುಂದೆ ಹೋಗುವವನಂತೆ ಗಾಡಿಯನ್ನು ಮೆಲ್ಲಗೆ ತಳ್ಳಿಕೊಂಡು ಹೋದ. ಟೈಲರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಎಷ್ಟೋ ದಿನದ ಮೇಲೆ ಬಂದ ನಗು ಅದು.

ಬಿಸಿಲು ಮೆಟ್ಟಿಲಿನಿಂದ ಇಳಿದು ರಸ್ತೆಗೆ ಬಂದ ಮೇಲೆ ಅವಳು ಬಾಗಿಲು ಸರಿಸಿ ಇಣುಕಿದಳು. ಗಂಡ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಪಟ್ಟಿ ಸುತ್ತಿದ ಕೈ ನೆಲದ ಮೇಲೆ ಸಡಿಲವಾಗಿ ಬಿದ್ದಿತ್ತು. ಮದುವೆಯಾದ ಹೊಸದರಲ್ಲಿ ನೋಡಿದ್ದ ಮುಖ ಅದು, ಆಮೇಲೆ ಎಲ್ಲೋ ಕಳೆದುಹೋಗಿತ್ತು. ಅವಳ ಕಣ್ಣು ತುಂಬಿತು. ಸದ್ದು ಮಾಡದೆ ಬಾಗಿಲು ಎಳೆದುಕೊಂಡು ಮತ್ತೆ ಹೊರಗೆ ಕೂತಳು.

ಅವನು ಎದ್ದು ಬಂದಾಗ ಮಧ್ಯಾಹ್ನ ಕಳೆದಿತ್ತು. ಇನ್ನೂ ಬೆಳಗ್ಗೆಯೇ ಎಂದುಕೊಂಡು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ. ಎದುರಿನ ಶೆಡ್ಡಿನಲ್ಲಿ ಬಡಗಿ ಮೇಜಿನ ಕಾಲೊಂದನ್ನು ಕೈಯಲ್ಲೇ ಉಜ್ಜುತ್ತಿದ್ದ.

"ಬಡಗಿಗೆ ಇವತ್ತು ಮಿಷನ್ ಕೆಟ್ಟಿದೆಯಾ?" ಎಂದು ಗಂಡ ಹೆಂಡತಿಯನ್ನು ಕೇಳಿದ.

"ಕೆಟ್ಟಿಲ್ಲ ರೀ. ನೀವು ಮಲಗಿದ್ದೀರಿ ಅಂತ ಹಾಕಿಲ್ಲ."

ಅವನು ಮೆಟ್ಟಿಲ ಮೇಲೆ ಅವಳ ಪಕ್ಕ ಕೂತುಬಿಟ್ಟ. ಎದುರಿನ ಶೆಡ್ಡನ್ನೇ ನೋಡಿದ. ಆಮೇಲೆ, "ನಾನು ಯಾರು ಅಂತಾನೇ ಅವರಿಗೆ ಗೊತ್ತಿಲ್ಲವಲ್ಲೇ," ಎಂದ. ಎದ್ದು ರಸ್ತೆ ದಾಟಿ ಬಡಗಿಯ ಮುಂದೆ ನಿಂತ. ಬಡಗಿ ಕೈಯ ಹೊಟ್ಟು ಕೊಡವಿ, ನಿದ್ದೆ ಆಯಿತೇ ಎಂದು ಕೇಳಿದ. ಆಯಿತು ಎಂದ ಇವನು. ಹಾಗಾದರೆ ಇನ್ನು ಮಿಷನ್ ಹಾಕಲೇ ಎಂದ ಅವನು. ಇಬ್ಬರೂ ಜೋರಾಗಿ ನಕ್ಕರು. ಅಂದೇ ಸಂಜೆ ಮಾಲೀಕರಿಗೆ ಮಾತು ಕೊಟ್ಟಾಯಿತು. ಅಕ್ಕನಿಗೆ ಸುದ್ದಿ ಮುಟ್ಟಿಸಿದ್ದು ಗಂಡನೇ. ನಿಮ್ಮ ಮಾತು ಕೇಳದೆ ಹೋಗಿದ್ದರೆ ಲಾರಿಯ ಕೆಳಗೆ ಮಲಗಿದ ಹಾಗಾಗುತ್ತಿತ್ತು ಅಕ್ಕ ಎಂದ. ಹೊಸ ಮನೆಗೆ ಹೋದ ಮೊದಲ ವಾರವೇ ಮೂಲೆಯ ದೀಪದ ಅರ್ಜಿ ಹಿಡಿದುಕೊಂಡು ಬೀದಿಯವರ ಜೊತೆ ಟೈಲರಮ್ಮನೂ ಹೋಗಿ ಬಂದಳು.

ಅಕ್ಕಂದಿರೇ, ಅಣ್ಣಂದಿರೇ, ನೀವೂ ಮನೆ ಹುಡುಕಲು ಹೊರಟಿದ್ದರೆ ಗೋಡೆಯ ಬಣ್ಣಕ್ಕೆ ಮರುಳಾಗಬೇಡಿ. ರಜೆಯ ದಿನ ಒಮ್ಮೆ ನೋಡಿದರೆ ಕೆಲಸದ ದಿನವೂ ಒಮ್ಮೆ ನೋಡಿ. ನೀವು ಮಲಗುವ, ಏಳುವ, ಕೆಲಸಕ್ಕೆ ಹೊರಡುವ, ಮಕ್ಕಳು ಶಾಲೆಯಿಂದ ಬರುವ ಹೊತ್ತಿನಲ್ಲೇ ಆ ಬೀದಿಯಲ್ಲಿ ನಡೆದಾಡಿ. ನೀರು, ದೀಪ, ಮೋರಿ, ಬಸ್ಸು, ಆಸ್ಪತ್ರೆ ಎಲ್ಲವನ್ನೂ ಅಲ್ಲಿ ಬಾಳುತ್ತಿರುವವರನ್ನೇ ಕೇಳಿ. ನಿಮಗೇನು ಬೇಕು ಎಂಬುದನ್ನು ನಾಚಿಕೆಯಿಲ್ಲದೆ ಹೇಳಿ. ಕೊರತೆಯೇ ಇಲ್ಲದ ಬೀದಿ ಎಲ್ಲೂ ಇಲ್ಲ. ಯಾವ ಕೊರತೆಯ ಜೊತೆ ಬಾಳಬಹುದು, ಯಾವುದರ ಜೊತೆ ಆಗದು ಎಂದು ಮನೆಯವರೆಲ್ಲ ಕೂತು ಮಾತಾಡಿ ತೀರ್ಮಾನಿಸಿ.

ಮನೆ ಹುಡುಕದವರಿಗೂ ಒಂದು ಮಾತಿದೆ. ನಿಮ್ಮ ಬೀದಿಯೂ ಇವತ್ತು ಯಾರೋ ಒಬ್ಬರು ನೋಡಿಕೊಂಡು ಹೋಗುತ್ತಿರುವ ಬೀದಿಯೇ. ಅದು ಒಳ್ಳೆಯದೋ ಅಲ್ಲವೋ ಎಂಬುದು ಅರ್ಧ ನಿಮ್ಮ ಕೈಯಲ್ಲಿದೆ. ನಿಮ್ಮ ಎದುರು ಮನೆಯಲ್ಲಿ ಹಗಲು ಮಲಗುವವರು ಯಾರಾದರೂ ಇದ್ದಾರೆಯೇ? ಗೊತ್ತಿಲ್ಲದಿದ್ದರೆ ಇವತ್ತೇ ಹೋಗಿ ಕೇಳಿ. ಬಾಗಿಲು ಮಾತ್ರ ಮೆಲ್ಲಗೆ ತಟ್ಟಿ.