ಆರು ಸಾಲಿನ ಪರಿಚಯ

ಮುದಸ್ಸಿರ್ ಸರ್ ಕೈಗಿಟ್ಟ ಹಾಳೆಯಲ್ಲಿ ಹೆಸರು ಮತ್ತು ಕೆಲಸ ಬಿಟ್ಟರೆ ನಾಹಿದಳದ್ದು ಅನ್ನುವಂಥದ್ದು ಏನೂ ಇರಲಿಲ್ಲ. ಜರ್ಮನ್ ಭಾಷೆಯ ಆರು ಸಾಲು, ಕನ್ನಡ ಅಕ್ಷರದಲ್ಲಿ. ನನ್ನ ಹೆಸರು ನಾಹಿದ, ನಾನು ನರ್ಸ್, ಊರು ಬೆಂಗಳೂರು, ತಂದೆ ಇಂಜಿನಿಯರ್, ತಾಯಿ ಟೀಚರ್, ನನ್ನ ಹವ್ಯಾಸ ಈಜು. ಜರ್ಮನಿಯ ಆಸ್ಪತ್ರೆ ಕೆಲಸದ ಆಸೆಯಿಂದ ಶಹಾಬಾದಿನಲ್ಲಿ ಸರ್ ನಡೆಸುವ ಆ ಮಹಡಿ ಕೋಣೆಯ ಕ್ಲಾಸಿನಲ್ಲಿ ಮೂರು ತಿಂಗಳಿಂದ ಜರ್ಮನ್ ಕಲಿಯುತ್ತಿದ್ದ ಮೂವರು ನರ್ಸುಗಳಿಗೂ, ಹೆಸರೊಂದು ಬಿಟ್ಟರೆ, ಅದೇ ಹಾಳೆ.

"ಸರ್, ನಮ್ಮ ಅಬ್ಬಾ ಇಂಜಿನಿಯರ್ ಅಲ್ರಿ. ಗಣಿಯಾಗ ಕಲ್ಲು ಕಡೀತಾರ."

"ಗೊತ್ತದ ಬೇಟಾ. ಅದನ್ನ ಹೇಳಿದ್ರ ಆ ಜರ್ಮನ್ ಮೇಡಮ್ ಏನ್ ತಿಳ್ಕೋತಾಳ? ಶಹಾಬಾದ ಅಂದ್ರ ಅಕಿಗೇನ್ ಗೊತ್ತು? ಸುಮ್ಮ ಬಾಯಿಪಾಠ ಮಾಡು. ನಾಳಿ ಇಂಟರ್ವ್ಯೂ ಅದ."

ನಾಹಿದಳಿಗೆ ಮೈಯೆಲ್ಲ ಉರಿಯಿತು. ಅವಳ ಓಣಿಯಲ್ಲಿ ಯಾವ ಹುಡುಗಿಯ ಹೆಸರನ್ನೂ ಯಾರೂ ಮೊದಲು ಕೇಳುವುದಿಲ್ಲ, "ಯಾರ ಮಗಳವ್ವ?" ಎನ್ನುತ್ತಾರೆ. ಗುಲಾಮ ದಸ್ತಗೀರನ ಮಗಳು ಅಂದರೆ ಸಾಕು, ಕುಂದ್ರಲು ಚಾಪೆ ಬರುತ್ತದೆ. ಅಂಥ ಅಪ್ಪನನ್ನು ಅಳಿಸಿ ಆ ಜಾಗದಲ್ಲಿ ಯಾರೋ ಒಬ್ಬ ಇಂಜಿನಿಯರನನ್ನು ತಂದು ಕೂರಿಸಿದ್ದರು! ಆದರೂ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಕೆಲಸ ಬೇಕಾಗಿತ್ತು.

ಸಂಜೆ ಮನೆಯಲ್ಲಿ ಬಾಯಿಪಾಠ ಮಾಡುತ್ತಿದ್ದಾಗ ಅಪ್ಪ ಕೈಕಾಲಿನ ಕಲ್ಲುಪುಡಿ ತೊಳೆದುಕೊಂಡು ಬಂದು ಎದುರಿಗೆ ಕುಳಿತ.

"ಅದರಾಗ ನನ್ನ ಸುದ್ದಿ ಏನ್ ಹೇಳೀದಿ ಬೇಟಿ?"

"ನೀವು ಕಲ್ಲಿನ ಕೆಲಸ ಮಾಡ್ತೀರಿ ಅಂತ."

"ಅರೆ, ನಮ್ಮ ಕಲ್ಲು ಜರ್ಮನಿಗೂ ಹೋತು ಅನ್ನು!" ಅಂದ ಅಪ್ಪ ಹಿಗ್ಗಿ ಹೋದ. ನಾಹಿದ ಹಾಳೆಯಲ್ಲಿದ್ದ ಇಂಜಿನಿಯರನ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡಳು.

ಮರುದಿನ ಲ್ಯಾಪ್‌ಟಾಪಿನ ಪರದೆಯ ಮೇಲೆ ಆಸ್ಪತ್ರೆಯ ಮೇಡಮ್ ಕಾಣಿಸಿಕೊಂಡಳು. ಮೊದಲು ವಂದನಾ ಆರು ಸಾಲನ್ನೂ ಗಡಗಡ ಒಪ್ಪಿಸಿದಳು. ಆಮೇಲೆ ಅಲ್ಮಾಸ್. ಮತ್ತೆ ಬೆಂಗಳೂರು, ಮತ್ತೆ ಇಂಜಿನಿಯರ್, ಮತ್ತೆ ಈಜು. ಮೇಡಮ್ ಪೆನ್ನು ಕೆಳಗಿಟ್ಟು, ನಿಧಾನವಾಗಿ, ಎಲ್ಲಿ ಈಜುತ್ತೀರಿ ಎಂದು ಕೇಳಿದಳು. ಹಾಳೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಕಾಗಿಣಾ ನದಿಯಲ್ಲಿ ಕಾಲು ತೊಯ್ಸಿಕೊಂಡೂ ಗೊತ್ತಿಲ್ಲದ ಅಲ್ಮಾಸ್ ಬೆವರುತ್ತ ಸರ್ ಮುಖ ನೋಡಿದಳು. ಸರ್ ಗೋಡೆ ನೋಡಿದರು.

ನಾಹಿದಳ ಸರದಿ. ಹಾಳೆಯನ್ನು ಮಡಚಿ ತೊಡೆಯ ಕೆಳಗಿಟ್ಟಳು. ಸರ್ ಕಣ್ಣು ಕೆಕ್ಕರಿಸಿದರು. ಕೆಕ್ಕರಿಸಲಿ!

"ಇಷ್ ಹೈಸೆ ನಾಹಿದ. ಇಷ್ ಕೊಮೆ ಆವ್ಸ್ ಶಹಾಬಾದ್. ಮೈನ್ ಫಾಟರ್ ಗುಲಾಮ ದಸ್ತಗೀರ..." 'ಮೈನ್ ಫಾಟರ್', ನನ್ನ ತಂದೆ, ಎಂದು ಅಪ್ಪನ ಹೆಸರು ಹೇಳುವಾಗ ದನಿ ತಾನಾಗಿಯೇ ಏರಿತು. ಕಲ್ಲು ಕಡಿಯುವುದಕ್ಕೆ ಏನನ್ನುತ್ತಾರೋ ಗೊತ್ತಿರಲಿಲ್ಲ. ಕಲ್ಲಿಗೆ 'ಷ್ಟೈನ್' ಅನ್ನುವುದಷ್ಟೇ ಗೊತ್ತಿತ್ತು. ಲ್ಯಾಪ್‌ಟಾಪನ್ನೇ ಬಗ್ಗಿಸಿ ಕಾಲಡಿಯ ಶಹಾಬಾದ್ ಕಲ್ಲಿನ ನೆಲ ತೋರಿಸಿ, ಅಂಗೈಯಿಂದ ಅದನ್ನು ಬಡಿದು, "ಷ್ಟೈನ್! ಮೈನ್ ಫಾಟರ್!" ಎಂದಳು. ಮೇಡಮ್ ಮುಂದಕ್ಕೆ ಬಾಗಿ ನೆಲವನ್ನು ನೋಡಿದಳು. ಅವಳು ಒಂದರ ಹಿಂದೊಂದು ಕೇಳಿದ ನಾಲ್ಕು ಪ್ರಶ್ನೆಗಳಿಗೆ ನಾಹಿದ ಅರ್ಧ ಮಾತಲ್ಲಿ, ಅರ್ಧ ಕೈಸನ್ನೆಯಲ್ಲಿ ಉತ್ತರ ಕೊಟ್ಟಳು.

ನಾಹಿದ ಪಾಸಾದಳು. ಉಳಿದಿಬ್ಬರಿಗೆ ಮುಂದಿನ ವಾರ ಇನ್ನೊಂದು ಇಂಟರ್ವ್ಯೂ ಎಂದಾಯಿತು.

ಸೋಮವಾರ ನಾಹಿದ ಕ್ಲಾಸಿಗೆ ಬಂದಾಗ ಸರ್ ಖುಷಿಯಲ್ಲಿ ಹೊಸ ಹಾಳೆ ಹಂಚುತ್ತಿದ್ದರು. ನನ್ನ ಊರು ಶಹಾಬಾದ್, ನನ್ನ ತಂದೆ ಕಲ್ಲಿನ ಕೆಲಸ ಮಾಡುತ್ತಾರೆ, ಇದು ನಮ್ಮ ಕಲ್ಲು. ಕೊನೆಯಲ್ಲಿ ಕಂಸದೊಳಗೆ: ನೆಲ ಬಡಿಯುವುದು. ಚಿತ್ತಾಪುರದ ಶಾಲೆಯಲ್ಲಿ ಮೇಷ್ಟ್ರಾಗಿದ್ದ ವಾಸುದೇವರ ಮಗಳು ವಂದನಾ ಆಗಲೇ ಅದನ್ನು ಬಾಯಿಪಾಠ ಮಾಡುತ್ತಿದ್ದಳು.

ನಾಹಿದ ಸರಸರನೆ ಹೋಗಿ ಇಬ್ಬರ ಕೈಯಿಂದಲೂ ಹಾಳೆ ಕಿತ್ತುಕೊಂಡಳು. ಮುಂದಿನ ಬ್ಯಾಚಿಗೆಂದು ಸರ್ ಕೈಯಲ್ಲಿದ್ದ ಕಟ್ಟನ್ನೂ ಬಿಡಲಿಲ್ಲ.

"ಏ ನಾಹಿದ, ಏನ್ ಮಾಡಾಕತ್ತೀದಿ?"

"ಈ ಹಾಳ್ಯಾಗ ಇರೋರು ನಮ್ಮ ಅಬ್ಬಾ ಸರ್. ಹೋದ ವಾರ ಇವ್ರು ನಿಮಗ ಬ್ಯಾಡಾಗಿದ್ರು. ಈಗ ಜೆರಾಕ್ಸ್ ಮಾಡಬ್ಯಾಡ್ರಿ." ಕಟ್ಟನ್ನು ಎದೆಗವುಚಿಕೊಂಡು ಅವಳು ವಂದನಾಳ ಕಡೆ ತಿರುಗಿದಳು. "ನೀ ಹೇಳವ್ವ. ನೀ ಯಾರ ಮಗಳು?"