ಎರಡೂ ಕೈಯ ಕೆಲಸ

ಎದುರುಬದುರಾಗಿ ಎರಡು ಕಟ್ಟಡ, ಎರಡಕ್ಕೂ ಒಬ್ಬನೇ ಮಾಲೀಕ. ಒಂದನ್ನು ಕಟ್ಟಲು ಅಕ್ಕನ ಕಂಪನಿಗೆ ಕೊಟ್ಟ, ಇನ್ನೊಂದನ್ನು ಅವಳ ಹಳೆಯ ಎದುರಾಳಿ ಬೋಳಣ್ಣನಿಗೆ. ಮೊದಲು ಮುಗಿಸಿದವರಿಗೆ ಮೂರನೆಯದೂ ಸಿಗುತ್ತದೆ ಎಂದು ಆಸೆ ಹುಟ್ಟಿಸಿದ. ಗಾರೆಯವರಿಂದ ಹಿಡಿದು ಲಾರಿ ಡ್ರೈವರ್‌ವರೆಗೆ ಎಲ್ಲರಿಗೂ ಅವಳು ಅಕ್ಕ. ಕಂಪನಿಯ ಪಾಲುದಾರನಾದ ಸ್ವಂತ ತಮ್ಮ ಮಾತ್ರ ಸಿಟ್ಟು ಬಂದಾಗ ಮೇಡಂ ಎನ್ನುತ್ತಿದ್ದ.

ಹೊರಗೋಡೆಯ ಗಿಲಾವು ಶುರುವಾಗುವ ಹೊತ್ತಿಗೆ ಹೊಸ ನಿಯಮ ಬಂತು. ಗಾರೆಯವರು ನಿಲ್ಲುವ ಸಾರುವೆಗೆ ಅಗಲವಾದ ಹಲಗೆ ಹಾಸಬೇಕು, ಸೊಂಟದೆತ್ತರಕ್ಕೆ ಕಂಬಿ ಬಿಗಿಯಬೇಕು. ಅಕ್ಕ ಗಿಲಾವು ನಿಲ್ಲಿಸಿ ಕಂಬಿ ಬಿಗಿಸತೊಡಗಿದಳು. ಬೋಳಣ್ಣ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ತಪಾಸಣೆಗೆ ಬಂದ ಅಧಿಕಾರಿ ಅವನ ಜೊತೆ ಚಹಾ ಕುಡಿದು, ತಲೆಯೆತ್ತಿ ನೋಡದೆ ಹೊರಟುಹೋದ.

ಎದುರಿನ ಗೋಡೆಯಲ್ಲಿ ಗಿಲಾವು ಸರಸರನೆ ಇಳಿದು ಬರುವುದನ್ನು ಕಂಡು ತಮ್ಮನಿಗೆ ಮೈಯೆಲ್ಲ ಉರಿಯಿತು.

"ನಿಯಮ ಏನು ನಮಗೊಬ್ಬರಿಗೇನಾ ಮೇಡಂ? ಅವನು ಬಣ್ಣ ಹೊಡೆಯೋ ಹೊತ್ತಿಗೆ ನಾವಿನ್ನೂ ನಟ್ಟು ತಿರುಗಿಸ್ತಾ ಇರ್ತೀವಿ," ಎಂದ.

ಅಕ್ಕ ಅವನನ್ನು ಹಿತ್ತಲಿಗೆ ಕರೆದೊಯ್ದಳು. ಹಿತ್ತಲ ಗೋಡೆಗೆ ಆಳೆತ್ತರದಲ್ಲಿ ಕಟ್ಟಿದ್ದ ಹಳೆಯ ಒಂಟಿ ಹಲಗೆ ಹಾಗೇ ಉಳಿದಿತ್ತು. ಅವನ ಕೈಗೆ ಕರಣೆ ಕೊಟ್ಟು, ಹತ್ತಿ ಒಂದಿಷ್ಟು ಗಾರೆ ಬಳಿ ಎಂದಳು. ಹಲಗೆ ಜಗ್ಗಿತು. ತಮ್ಮ ಎಡಗೈಯಲ್ಲಿ ಸಾರುವೆಯ ಕಂಬ ತಬ್ಬಿಕೊಂಡ. ಬಲಗೈಯ ಗಾರೆ ಗೋಡೆಗಿಂತ ಹೆಚ್ಚಾಗಿ ಅವನ ಬೂಟಿಗೇ ಮೆತ್ತಿತು. ಕೆಲಸದವರು ಮುಖ ತಿರುಗಿಸಿಕೊಂಡು ನಕ್ಕರು.

"ಕಂಬ ಬಿಡೋ."

"ಬಿಟ್ರೆ ಬೀಳ್ತೀನಿ."

"ಇಷ್ಟೆತ್ತರಕ್ಕೇ ಹೀಗೆ. ಮೇಲಿರೋರು ದಿನಾ ಒಂದು ಕೈಲಿ ಜೀವ ಹಿಡ್ಕೊಂಡು ಇನ್ನೊಂದು ಕೈಲಿ ಕೆಲಸ ಮಾಡ್ತಿದ್ರು. ನಾವು ಕೆಳಗೆ ನಿಂತು, ಬೇಗ ಬೇಗ ಅಂತ ಕೂಗ್ತಿದ್ವಿ."

ತಮ್ಮ ಇಳಿದ. ಬೂಟು ಒರೆಸಿಕೊಂಡು, ಕಂಬಿ ಬಿಗಿಯುವವರಿಗೆ ನಟ್ಟು ಎತ್ತಿಕೊಡತೊಡಗಿದ.

ಮಾಲೀಕ ಮಾತ್ರ ಒಪ್ಪಲಿಲ್ಲ. ಮಧ್ಯಾಹ್ನ ಬಂದು, ಈ ಅಲಂಕಾರವನ್ನೆಲ್ಲ ತೆಗೆಸದಿದ್ದರೆ ಉಳಿದ ಕೆಲಸವನ್ನೂ ಬೋಳಣ್ಣನಿಗೇ ವಹಿಸುತ್ತೇನೆ ಎಂದು ಎಗರಾಡಿದ.

"ಕೆಲಸ ಬೇಕಾದ್ರೆ ಕಿತ್ಕೊಳ್ಳಿ ಸಾರ್. ಕಂಬಿ ಕೀಳಲ್ಲ," ಎಂದಳು ಅಕ್ಕ. "ಕೀಳೋಕೆ ಯಾರನ್ನಾದ್ರೂ ಕಳಿಸೋದಾದ್ರೆ ಕಳಿಸಿ, ನಾನು ಮೇಲೇ ನಿಂತಿರ್ತೀನಿ."

ಹೇಳಿದಂತೆ ಮರುದಿನ ಊಟದ ಡಬ್ಬಿ ಹಿಡಿದು ತುತ್ತತುದಿಯ ಹಲಗೆ ಹತ್ತಿ ನಿಂತಳು. ಬಿಸಿಲು ನೆತ್ತಿ ಸುಟ್ಟರೂ ಇಳಿಯಲಿಲ್ಲ. ಯಾರೂ ಬರಲಿಲ್ಲ.

ಗಿಲಾವು ಮತ್ತೆ ಶುರುವಾದಾಗ ಕೆಲಸದ ಓಟವೇ ಬೇರೆಯಾಗಿತ್ತು. ಗಾರೆಯವರು ಬಾಂಡಲಿ ಪಕ್ಕದಲ್ಲೇ ಇಟ್ಟುಕೊಂಡು, ಹರಟೆ ಹೊಡೆಯುತ್ತ, ಎರಡೂ ಕೈ ಬೀಸಿ ಬಳಿದರು. ತಡವಾಗಿ ಹೊರಟರೂ ಬೋಳಣ್ಣನವರಿಗಿಂತ ಮೊದಲು ಗಿಲಾವು ನೆಲ ಮುಟ್ಟಿತು, ಕಟ್ಟಡವೂ ಮೊದಲು ಮುಗಿಯಿತು.

ಆದರೂ ಮಾಲೀಕ ಮೂರನೆಯ ಕಟ್ಟಡವನ್ನು ಬೋಳಣ್ಣನಿಗೇ ಕೊಟ್ಟ. ಆ ಹೆಂಗಸು ಹೇಳಿದ ಮಾತು ಕೇಳುವುದಿಲ್ಲ ಎಂದನಂತೆ. ತಮ್ಮ ಸಿಮೆಂಟ್ ಚೀಲದ ಮೇಲೆ ತಲೆ ಹಿಡಿದು ಕೂತ.

ಅಷ್ಟರಲ್ಲಿ ಗೇಟಿನ ಬಳಿ ಬೋಳಣ್ಣನ ಗಾರೆಯವರು ಕರಣೆ, ಮಟ್ಟಗೋಲು ಸಮೇತ ಬಂದು ನಿಂತರು. ಅವರ ಹಿರಿಯ, ನಿಮ್ಮ ಮುಂದಿನ ಕೆಲಸದಲ್ಲಿ ನಮಗೂ ಜಾಗವಿದೆಯೇ ಎಂದು ಕೇಳಿದ. ಗೋದಾಮಿನ ಕೆಲಸವೊಂದು ಕೈಯಲ್ಲಿತ್ತು. ಬೆಳಿಗ್ಗೆ ಬೇಗ ಬನ್ನಿ ಎಂದಳು ಅಕ್ಕ.

"ಮೂರನೇದು ಅವನಿಗೇ ಹೋಯ್ತಲ್ಲಾ," ಎಂದು ತಮ್ಮ ಗೊಣಗಿದ.

"ಹೋಗ್ಲಿ ಬಿಡು. ಯಾರನ್ನಿಟ್ಕೊಂಡು ಕಟ್ತಾನೋ ನೋಡೋಣ."