ಧೋರಾಸರಕ್ಕೆ ಹಲ್ಲಿನ ಡಾಕ್ಟರು ಬಂದದ್ದು

ನಮ್ಮ ಧೋರಾಸರದಲ್ಲಿ ಹಲ್ಲುನೋವು ಬಂದರೆ ಎರಡೇ ದಾರಿ. ಒಂದು, ಬಸ್ಸು ಹತ್ತಿ ಅರ್ಧ ದಿನ ಮರಳು ನೋಡುತ್ತ ಜೋಧಪುರಕ್ಕೆ ಹೋಗುವುದು. ಇನ್ನೊಂದು, ಕ್ಷೌರದ ಘೇವರನ ಇಕ್ಕಳಕ್ಕೆ ಬಾಯಿ ಕೊಡುವುದು. ಘೇವರ ಧೈರ್ಯವಂತ, ಯಾವ ಹಲ್ಲು ಎಂಬುದನ್ನು ಮಾತ್ರ ಅಷ್ಟಾಗಿ ತಲೆಗೆ ಹಚ್ಚಿಕೊಳ್ಳುವವನಲ್ಲ. ಪುರಸಭೆಯ ಅಧ್ಯಕ್ಷ ಉಮ್ಮೇದ್ ಸಿಂಗರು, ಊರವರ ಬಾಯಲ್ಲಿ ಠಾಕರ್ ಸಾ, ಹೋದ ವರ್ಷ ಅವನ ಮುಂದೆ ಕೂತು ಒಳ್ಳೆಯ ಹಲ್ಲನ್ನು ಕಳೆದುಕೊಂಡು ಕೆಟ್ಟದ್ದನ್ನು ಜೋಪಾನವಾಗಿ ಮನೆಗೆ ಒಯ್ದಿದ್ದರು.

ಹೀಗಿರುವಾಗ ಸೂರತ್ತಿನ ಹಲ್ಲಿನ ಡಾಕ್ಟರೊಬ್ಬರಿಗೆ ದೊಡ್ಡ ಪಟ್ಟಣದ ಗದ್ದಲ ಸಾಕಾಗಿದೆ, ನೆಲೆಸಲು ಸಣ್ಣ ಊರೊಂದನ್ನು ಹುಡುಕುತ್ತಿದ್ದಾರೆ, ಧೋರಾಸರವನ್ನೂ ನೋಡಲು ಬರುತ್ತಾರೆ ಎಂದು ಸುದ್ದಿ ಬಂತು. ಠಾಕರ್ ಸಾ ಆ ಸಂಜೆಯೇ ನನ್ನ ಚಹಾದಂಗಡಿಯಲ್ಲಿ ಸಭೆ ಕರೆದರು. ನನ್ನ ಬಲಗೆನ್ನೆ ಆಗ ಬನ್ನಿನಂತೆ ಊದಿತ್ತು. ನನ್ನಷ್ಟು ಭಕ್ತಿಯಿಂದ ಆ ಸಭೆಯಲ್ಲಿ ಇನ್ನಾರೂ ಕೂತಿರಲಿಕ್ಕಿಲ್ಲ.

“ಕೇಳ್ರಪ್ಪಾ, ಬರೋರಿಗೆ ಊರಿನ ಒಳ್ಳೇದು ಮಾತ್ರ ಕಾಣ್ಬೇಕು, ಒಳ್ಳೇದು ಮಾತ್ರ ಕೇಳಿಸ್ಬೇಕು,” ಅಂದರು ಠಾಕರ್ ಸಾ. “ಗೆಸ್ಟ್ ಹೌಸಿನ ತೊಟ್ಟಿಗೆ ಉಪ್ಪುನೀರು ಬಿಡ್ಬೇಡಿ, ಸಿಹಿನೀರಿನ ಟ್ಯಾಂಕರ್ ತರಿಸಿ. ಆಡುಗಳ್ನ ಕಟ್ಟಿಹಾಕಿ. ಘೇವರಾ, ನೀನೂ ಒಳಗಿರು.”

“ನಾನೇನ್ ಮಾಡ್ದೆ ಠಾಕರ್ ಸಾ?”

“ಅದನ್ನ ನನ್ನ ಬಾಯಿ ಹೇಳುತ್ತೆ, ಬಂದು ನೋಡು.”

“ಎಲ್ಲಾ ಸರಿ, ಬೌದಿ ಕಥೆ ಏನು?” ಅಂದೆ ನಾನು.

ಬೌದಿ ಎಂದರೆ ನಿಭಾ ಲಾಹಿರಿ. ಗಂಡ ಲಾಹಿರಿ ಬಾಬು ರೈಲ್ವೆಯಿಂದ ನಿವೃತ್ತರಾದವರು. ಹೌರಾದ ತೇವಕ್ಕೆ ಉಬ್ಬಸ ಏರಿ, ಒಣಹವೆ ಬೇಕೆಂದು ಇಬ್ಬರೂ ಇಲ್ಲಿಗೆ ಬಂದು ಆರು ವರ್ಷವಾಗಿತ್ತು. ಸಾಮಾನು ಇಳಿಸಲು ಬಂದ ಬಾಬುವಿನ ತಮ್ಮ ಅವರ ಭಾಷೆಯಲ್ಲಿ ಅತ್ತಿಗೆಯನ್ನು ‘ಬೌದಿ’ ಎಂದು ಕರೆದದ್ದನ್ನು ಕೇಳಿ, ಅದೇ ಆಕೆಯ ಹೆಸರೆಂದು ಊರು ಹಿಡಿದುಕೊಂಡಿತು. ಈಗ ಬೊಚ್ಚುಬಾಯಿಯ ಅಜ್ಜಂದಿರೂ ಬೌದಿ ಅಂತಲೇ ಕರೆಯುತ್ತಾರೆ. ಬೌದಿಗೆ ಊರಿನ ಮೇಲೆ ದೂರು ಒಂದೆರಡಲ್ಲ. ಬೆಳಗ್ಗೆ ಹಾಲು ತರಲು ಬಂದಾಗ ಶುರುವಾದದ್ದು ಸಂಜೆ ಬಾಗಿಲು ಹಾಕಿಕೊಂಡ ಮೇಲೂ ಕಿಟಕಿಯಿಂದ ಮುಂದುವರಿಯುತ್ತಿತ್ತು.

“ಬಾಬೂಜಿ, ಡಾಕ್ಟ್ರು ಇರೋ ತನಕ ಅವರನ್ನ ಮನೇಲಿ ಸುಮ್ನೆ ಇರಿಸ್ಕೊಳಿ,” ಎಂದು ಠಾಕರ್ ಸಾ ಸಭೆಗೆ ಬಂದಿದ್ದ ಲಾಹಿರಿ ಬಾಬುವಿಗೆ ಕೈಮುಗಿದರು.

ಲಾಹಿರಿ ಬಾಬು ಬಸಿಯ ಚಹಾಕ್ಕೆ ಊದುತ್ತ, “ಮನೇಲಿ ಇರಿಸ್ತೀನಿ. ಸುಮ್ನೆ ಅನ್ನೋದು ನನ್ನ ಕೈಲಿಲ್ಲ,” ಅಂದರು.

ಡಾಕ್ಟರ್ ಝೈನಬ್ ಲೋಖಂಡ್‌ವಾಲಾ ಬೆಳಗಿನ ಬಸ್ಸಿನಲ್ಲಿ ಬಂದಿಳಿದರು. ನಲವತ್ತರ ಆಸುಪಾಸಿನ ಹೆಂಗಸು, ಕೈಯಲ್ಲೊಂದು ಚೀಲ. ಮಾತಾಡಿಸಿದವರ ಮುಖ ನೋಡುವ ಬದಲು ಬಾಯಿ ನೋಡುವ ಅಭ್ಯಾಸ. ಠಾಕರ್ ಸಾ ಮಾಲೆ ಹಾಕಿ ದೊಡ್ಡದಾಗಿ ನಕ್ಕರೆ, “ಎಡಗಡೆ ಕೋರೆಹಲ್ಲು ಯಾರು ಕಿತ್ತಿದ್ದು?” ಎಂದರು.

“ತಾನಾಗೇ ಬಿತ್ತು,” ಅಂದರು ಠಾಕರ್ ಸಾ. ಸುಳ್ಳಿನ ಬೋಣಿ ಹಾಗಾಯಿತು.

ಊರು ತೋರಿಸಲು ಹೊರಟೆವು. ಕಿರಾಣಿ ಅಂಗಡಿಯ ಭೀಖಚಂದನನ್ನು ಡಾಕ್ಟರು ಕೇಳಿದರು, “ಬಿಸಿಲು ಹೇಗಿರುತ್ತೆ?”

“ಬಿಸಿಲಾ? ಬೆಚ್ಚಗಿರುತ್ತೆ ಅಷ್ಟೆ,” ಎಂದ ಭೀಖಚಂದ, ತಲೆಯ ಮೇಲಿನ ಒದ್ದೆ ಟವೆಲನ್ನು ಬೆನ್ನ ಹಿಂದೆ ಅಡಗಿಸುತ್ತ.

“ಹಾವು, ಚೇಳು?”

“ಚಿತ್ರದಲ್ಲಿ ನೋಡಿದೀವಿ ಡಾಕ್ಟರ್ ಸಾ.”

“ನೀರು?”

“ಅಮೃತ!” ಎಂದು ನಾಲ್ಕು ಜನ ಒಟ್ಟಿಗೆ ಕೂಗಿದರು. ಒಟ್ಟಿಗೆ ಕೂಗಿದ್ದೇ ತಪ್ಪಾಯಿತು. ಡಾಕ್ಟರು ನಿಂತುಬಿಟ್ಟರು. “ಇಷ್ಟು ಚೆಂದದ ಊರಲ್ಲಿ ಅರ್ಧ ಮನೆಗಳಿಗೆ ಬೀಗ ಯಾಕೆ?”

“ಮದುವೆಗೆ ಹೋಗಿದಾರೆ,” ಅಂದರು ಠಾಕರ್ ಸಾ.

“ಬಾಗಿಲ ಮುಂದೆ ಮೊಳಕಾಲುದ್ದ ಮರಳು ನಿಂತಿದೆಯಲ್ಲ?”

“ದೂರದ ಮದುವೆ,” ಅಂದೆ ನಾನು.

ಡಾಕ್ಟರು ನಗಲಿಲ್ಲ. ಮಧ್ಯಾಹ್ನದ ಬಸ್ಸಿಗೇ ಹೊರಡುತ್ತೇನೆಂದರು. ಚೀಲ ಹೊತ್ತು ನಿಲ್ದಾಣಕ್ಕೆ ಬಿಟ್ಟುಬರುವ ಕೆಲಸ ನನ್ನ ಪಾಲಿಗೆ ಬಂತು. ಏನಾದರೂ ಮಾಡೋ ಮೂಲಾ ಎಂದು ಠಾಕರ್ ಸಾ ಕಣ್ಣಲ್ಲೇ ಬೇಡಿಕೊಂಡರು. ನಾನೇನು ಮಾಡಲಿ? ಬಾಯಿ ತೆರೆದರೆ ಗಾಳಿ ತಾಗಿ ಪ್ರಾಣ ಹೋಗುತ್ತಿತ್ತು.

ಮಾಡಿದ್ದು ಮರಳುಗಾಳಿ. ಪಡುವಣದ ಆಕಾಶ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದನ್ನು ನಾನು ನೋಡಿ “ಡಾಕ್ಟರ್ ಸಾ” ಅನ್ನುವಷ್ಟರಲ್ಲಿ ಓಣಿಯ ತುದಿ ಮಾಯವಾಯಿತು, ಆಮೇಲೆ ಓಣಿ, ಆಮೇಲೆ ನನ್ನದೇ ಪಾದ. ಕಣ್ಣು ಮುಚ್ಚಿ ಗೋಡೆ ತಡವುತ್ತಿದ್ದಾಗ ಎಲ್ಲೋ ಒಂದು ಬಾಗಿಲು ತೆರೆದು, ಒಂದು ಕೈ ನಮ್ಮಿಬ್ಬರನ್ನೂ ಒಳಗೆಳೆದುಕೊಂಡಿತು. ಯಾರ ಕೈಯೆಂದು ಮರುಕ್ಷಣವೇ ಗೊತ್ತಾಯಿತು.

“ಇದೂ ಒಂದು ಊರಾ? ಊರಾ ಇದು ಅಂತ ಕೇಳ್ತೀನಿ!”

ಬೌದಿ ಕಿಟಕಿಯ ಸಂದಿಗೆಲ್ಲ ಒದ್ದೆ ಬಟ್ಟೆ ತುರುಕುತ್ತಲೇ ಮಾತಾಡುತ್ತಿದ್ದರು. ಲಾಹಿರಿ ಬಾಬು ನನ್ನತ್ತ ನೋಡಿ, ನಾನೇನೂ ಮಾಡಲಾರೆ ಎಂಬಂತೆ ಅಂಗೈ ತಿರುಗಿಸಿದರು.

“ತಟ್ಟೆ ಬೋರಲು ಹಾಕಿಟ್ರೂ ಬೇಳೇಲಿ ಮರಳು. ಹಾಸಿಗೇಲಿ ಮರಳು. ಈ ನೀರಲ್ಲಿ ಸ್ನಾನ ಮಾಡಿದ್ರೆ ಕೂದಲು ತೆಂಗಿನ ನಾರು. ಮೀನು ಜೋಧಪುರದಿಂದ ಬರುತ್ತೆ. ಮೊದಲು ವಾಸನೆ ಇಳಿಯುತ್ತೆ, ಆಮೇಲೆ ಬಸ್ಸು ನಿಲ್ಲುತ್ತೆ!”

ನಾನು ಕೆಮ್ಮಿದೆ. ಕಣ್ಣು ಹೊಡೆದೆ.

“ಮೂಲಾ, ಕಣ್ಣಿಗೆ ಮರಳು ಬಿತ್ತಾ? ಯಾಕೆ ಹಾಗೆ ಮಿಟುಕಿಸ್ತೀಯಾ?”

“ಆಮೇಲೆ?” ಅಂದರು ಡಾಕ್ಟರು. ಬೆಳಗಿನಿಂದ ಮೊದಲ ಬಾರಿಗೆ ಅವರು ಕುರ್ಚಿಗೆ ಒರಗಿ ಕೂತಿದ್ದರು.

ಕೇಳುವವರು ಸಿಕ್ಕರೆ ಬೌದಿಯನ್ನು ಹಿಡಿಯುವುದುಂಟೆ? “ಚೇಳು ಬೇರೆ. ಚಪ್ಪಲಿ ಒದರದೆ ಹಾಕಿದ್ರೆ ನಿಮ್ಮ ಹಣೆಬರಹ. ಬಿಸಿಲಿಗೆ ಮೇ ತಿಂಗಳಲ್ಲಿ ಕೋಳಿ ಕೂಡ ಮಾತಾಡಲ್ಲ. ಗುಟ್ಟು ಅನ್ನೋದಂತೂ ಇಲ್ಲವೇ ಇಲ್ಲ. ಬಂದ ಹೊಸತರಲ್ಲಿ ಇವರು ಒಂದು ಸಲ ಸೀನಿದ್ರು. ಬಾಗಿಲು ಕೂಡ ತಟ್ಟದೆ ಓಣಿಯ ಹೆಂಗಸರೆಲ್ಲ ಕಷಾಯ ಹಿಡ್ಕೊಂಡು ಒಳಗೆ! ಮೊದಲನೇ ಬೇಸಿಗೇಲಿ ಟ್ರಂಕು ಕಟ್ಕೊಂಡು ಹೊರಟೇಬಿಟ್ಟೆ. ಕಂಡಕ್ಟರ್ ಟಿಕೆಟ್ಟೇ ಕೊಡ್ಲಿಲ್ಲ. ‘ಸಿಟ್ಟು ಇಳೀಲಿ ಬೌದಿ, ಆಮೇಲೆ ಕೊಡ್ತೀನಿ’ ಅಂದ. ಅವನಿಗೇನ್ರೀ ಅಧಿಕಾರ?”

“ಸಿಟ್ಟು ಇಳೀತಾ?”

“ಎಲ್ಲಿ ಇಳಿಯುತ್ತೆ!”

“ಮತ್ತೆ ಆರು ವರ್ಷದಿಂದ ಇಲ್ಲೇ ಯಾಕಿದೀರಿ?”

ಬೌದಿ ಬಟ್ಟೆ ತುರುಕುವುದನ್ನು ನಿಲ್ಲಿಸಿದರು. ಹೊರಗೆ ತಗಡುಗಳು ಬಡಿದುಕೊಳ್ಳುತ್ತಿದ್ದವು. ಗಂಡನ ಕಡೆ ಗದ್ದ ತೋರಿಸಿ, “ಹೌರಾದಲ್ಲಿ ಇವರ ಎದೆ ಸೀಟಿ ಊದೋದನ್ನ ಕೇಳ್ತಾ ಮಲಗ್ತಿದ್ದೆ. ಸೀಟಿ ನಿಂತ್ರೆ ಎದ್ದು ಮೂಗಿನ ಹತ್ರ ಕೈ ಹಿಡೀತಿದ್ದೆ. ಇಲ್ಲಿ ಗೊರಕೆ ಹೊಡೀತಾರೆ. ಅದೂ ಒಂದು ಪೀಡೆಯೇ. ಆದ್ರೆ ಗೊರಕೆ ಹೊಡೆಯೋಕೆ ಉಸಿರು ಬೇಕಲ್ಲ?” ಅಂದರು. ಮತ್ತೆ ಬಟ್ಟೆ ತುರುಕುತ್ತ, ಯಾರ ಮೇಲೋ ಸೇಡಿಗೆ ಎಂಬಂತೆ, “ಆ ಕಷಾಯಗಳಲ್ಲಿ ಒಂದು ಕೆಲಸಾನೂ ಮಾಡ್ತು,” ಎಂದು ಸೇರಿಸಿದರು.

ಲಾಹಿರಿ ಬಾಬು ನೆಲ ನೋಡುತ್ತ ಕೂತಿದ್ದರು. ಅವರ ಕಿವಿ ಕೆಂಪಾಗಿತ್ತು.

ಗಾಳಿ ನಿಂತಾಗ ಬಸ್ಸು ಹೋಗಿಯಾಗಿತ್ತು. ಡಾಕ್ಟರು ನನ್ನನ್ನು ಜಗುಲಿಗೆ ಕರೆದು, “ಬಾಯಿ ತೆಗಿ. ಬೆಳಗಿಂದ ನೋಡ್ತಿದೀನಿ ಆ ಕೆನ್ನೆನ,” ಎಂದರು. ಬಾಬು ಟಾರ್ಚು ಹಿಡಿದರು, ಬೌದಿ ನನ್ನ ತಲೆ ಹಿಡಿದರು. ಕೀವು ತುಂಬಿದೆ, ಮೊದಲು ಮಾತ್ರೆ, ಇಳಿದ ಮೇಲೆ ಕೀಳೋದು ಎಂದು ಚೀಲದಿಂದ ಔಷಧಿ ತೆಗೆದುಕೊಟ್ಟರು.

ಅಷ್ಟರಲ್ಲಿ ಠಾಕರ್ ಸಾ ಪೇಟದ ಮರಳು ಒದರುತ್ತ ಓಡಿಬಂದರು. ಬೌದಿಯನ್ನೂ ಡಾಕ್ಟರನ್ನೂ ಒಟ್ಟಿಗೆ ಕಂಡು ಅವರ ಮುಖ ಬತ್ತಿಹೋಯಿತು.

“ಠಾಕರ್ ಸಾ, ಚೇಳು ಇದೆಯಂತಲ್ಲ?”

“ಒಂದೆರಡು...”

“ಕೋರೆಹಲ್ಲು?”

ಠಾಕರ್ ಸಾ ತಲೆ ತಗ್ಗಿಸಿದರು. “ಘೇವರ ಕಿತ್ತ.”

“ಹೀಗೆ ಹೇಳಿ. ನಾನು ರೋಗಿಗಳ ಸುಳ್ಳು ಕೇಳಿ ಕೇಳಿ ಬೇಸತ್ತೇ ಸೂರತ್ತು ಬಿಡೋಕೆ ಹೊರಟಿದ್ದು. ದಿನಾ ಎರಡು ಸಲ ಹಲ್ಲುಜ್ತೀನಿ ಅಂತಾರೆ, ಬಾಯಿ ನೋಡಿದ್ರೆ ಗೊಬ್ಬರದ ಗುಂಡಿ. ಊರೂ ಸುಳ್ಳು ಹೇಳಿದ್ರೆ ಎಲ್ಲಿಗೆ ಹೋಗ್ಲಿ? ಇವತ್ತು ಇಲ್ಲಿ ಒಬ್ಬರು ನಿಜ ಹೇಳಿದ್ರು. ಒಂದು ವರ್ಷ ಇದ್ದು ನೋಡ್ತೀನಿ.”

ಠಾಕರ್ ಸಾ ಬೌದಿಯ ಕಾಲಿಗೇ ಬೀಳಲು ಹೋದರು. ಬೌದಿ ಉರಿದುಬಿದ್ದರು: “ನಾನು ಬರಬೇಡಿ ಅಂತ ಹೇಳಿದ್ದು! ಯಾರಿಗೂ ಕಿವಿಯೇ ಇಲ್ವಾ ಇಲ್ಲಿ?”

ಮರುವರ್ಷ ಹೋಳಿ ಮುಗಿದ ಮೇಲೆ ಡಾಕ್ಟರು ಕುರ್ಚಿ, ಯಂತ್ರಗಳ ಸಮೇತ ಬಂದರು. ಮೊದಲ ಬೇಸಿಗೆ ಅವರಿಗೆ ಕಷ್ಟವೇ ಆಯಿತು. ಯಂತ್ರದೊಳಗೆ ಮರಳು ಹೊಕ್ಕು ಕೆಟ್ಟಾಗ ಅವರು ಗುಜರಾತಿಯಲ್ಲಿ ಆಡಿದ ಮಾತುಗಳನ್ನು ಭೀಖಚಂದ ಅರ್ಥ ಮಾಡಿಕೊಂಡ, ನಮಗೆ ಹೇಳಲು ಒಪ್ಪಲಿಲ್ಲ. ಎರಡು ಸಲ ಬೌದಿಯ ಮನೆಗೆ ಹೋಗಿ ಅತ್ತರು. ಬೌದಿ ಸಮಾಧಾನ ಮಾಡಲಿಲ್ಲ. ಹೇಳಿರ್ಲಿಲ್ವಾ ನಾನು ಎಂದು ಊಟಕ್ಕೆ ಹಾಕಿದರು. ಘೇವರ ಇಕ್ಕಳ ಬಿಟ್ಟು ಕತ್ತರಿಯಷ್ಟಕ್ಕೆ ನಿಂತ, ಬಹಳ ದಿನ ನಮ್ಮ ಜೊತೆ ಮಾತು ಬಿಟ್ಟ.

ಒಂದು ವರ್ಷ ಎಂದಿದ್ದು ಈಗ ಮೂರಾಗಿದೆ. ಸೂರತ್ತಿನಿಂದ ಡಾಕ್ಟರ ತಂಗಿ ಆಗಾಗ ಫೋನು ಮಾಡಿ, ಹೇಗಿದೆ ಆ ಊರು, ವಾಪಸ್ ಯಾವಾಗ ಎಂದು ಕೇಳುತ್ತಾಳೆ. ಮೊನ್ನೆ ನಾನು ಚಹಾ ಕೊಡಲು ಹೋದಾಗಲೂ ಅದೇ ಮಾತು ನಡೆದಿತ್ತು.

“ಇನ್ನೂ ನೋಡ್ತಾ ಇದೀನಿ ಕಣೇ,” ಅನ್ನುತ್ತಿದ್ದರು ಡಾಕ್ಟರು, ಮೆಟ್ಟಿಕೊಳ್ಳುವ ಮೊದಲು ಚಪ್ಪಲಿ ಒದರುತ್ತ. “ಈ ವಾರ ಅಂತೂ ಆಗಲ್ಲ. ಗುರುವಾರ ಒಂಟೆಯವನ ಹೆಂಡತಿಗೆ ಹಲ್ಲು ಕಟ್ಟೋದಿದೆ.”